ಬಲ ಸ್ಪೀಕರಿನ ಉಪದೇಶ

ಹಳೆಯ ಕಾಲದ ಸ್ಟೀರಿಯೊ ರಿಸೀವರ್ ಒಂದಕ್ಕೆ ಎರಡು ಸ್ಪೀಕರುಗಳಿದ್ದವು. ಒಂದು ದಿನ ಎಡಗಡೆಯದರ ಹಾಡು ನಿಂತುಹೋಯಿತು. ಮನೆಯವರು ಅದನ್ನು ಗುಜರಿಗೆ ಹಾಕುವ ಮಾತಾಡಿದರು. ಆದರೂ ಕೊನೆಯ ಪ್ರಯತ್ನವೆಂದು ಎಲ್ಲವನ್ನೂ ಹೊತ್ತು ತಂದು ರಿಪೇರಿಯ ದಸ್ತಗೀರ್ ಸಾಹೇಬರ ಮೇಜಿನ ಮೇಲಿಟ್ಟರು.

ಬಲ ಸ್ಪೀಕರು ತನ್ನ ಹಾಡಿನ ನಡುವೆ ಬಿಡುವು ಮಾಡಿಕೊಂಡು ಬುದ್ಧಿ ಹೇಳಿತು: “ತಮ್ಮಾ, ಹಾಡಲು ಮನಸ್ಸಿರಬೇಕು. ನಿನ್ನದು ಬರೀ ಮೈಗಳ್ಳತನ.”

“ಅಣ್ಣಾ, ರಿಸೀವರಿನಿಂದ ನನಗೆ ಹಾಡೇ ಬರುತ್ತಿಲ್ಲ,” ಎಂದಿತು ಎಡ ಸ್ಪೀಕರು, ನೊಂದುಕೊಂಡು.

“ಅದೇ ರಿಸೀವರು ನನಗೆ ಕೊಡುತ್ತಿಲ್ಲವೇ? ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ!”

ಸಾಹೇಬರು ರಿಸೀವರಿನ ಹಿಂದೆ ಕೈಹಾಕಿ, ಸ್ಪೀಕರುಗಳ ವಯರುಗಳನ್ನು ಅದಲು ಬದಲು ಮಾಡಿದರು. ಕೂಡಲೇ ಎಡ ಸ್ಪೀಕರು ತುಂಬು ಕಂಠದಿಂದ ಹಾಡತೊಡಗಿತು. ಬಲದ್ದರ ಹಾಡು ನಿಂತಿತು.

“ಸಾಹೇಬರೇ, ರಿಸೀವರು ಕೆಟ್ಟಿದೆ! ಅದರ ಹೊಟ್ಟೆ ಬಿಚ್ಚಿ ನೋಡಿ!” ಎಂದು ಬಲ ಸ್ಪೀಕರು ಗೋಗರೆಯಿತು.

ಸ್ಕ್ರೂಡ್ರೈವರ್ ಎತ್ತಿಕೊಂಡ ಸಾಹೇಬರಿಗೆ ಎಡ ಸ್ಪೀಕರು ಹೇಳಿತು: “ಬೇಗ ಬಿಚ್ಚಿ ಸಾಹೇಬರೇ. ಅಣ್ಣನ ಹಾಡು ನಿಂತ ಮೇಲೆ, ರೋಗ ಎಲ್ಲಿದೆಯೆಂದು ಅಣ್ಣನಿಗೂ ಗೊತ್ತಾಗಿದೆ.”