ಹದಿನೆಂಟು, ಆಮೇಲೆ ಸೊನ್ನೆ

“ಗುರುಗಳೇ, ಒಂದು ಪುಟ್ಟ ಕಂಪ್ಯೂಟರು ಇನ್ನೊಂದಕ್ಕೆ ತಂತಿಯಲ್ಲಿ ಸುದ್ದಿ ಕಳಿಸುವಾಗ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಸುದ್ದಿ ಪೂರ್ತಿ ಬಂತೆಂದು ತಿಳಿಯಲು ಎಷ್ಟು ಹೊತ್ತು ಕಾಯಬೇಕು?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ನದಿ. ಮೇಲೆ ಅಣೆಕಟ್ಟು, ಕೆಳಗೆ ಒಬ್ಬ ಅಂಬಿಗನ ಕಡವು. ಅಣೆಕಟ್ಟಿನ ಗುರುತಿನ ಕಲ್ಲಿನ ಮೇಲೆ ನೀರು ಮೂವತ್ತು ಅಂಗುಲದೊಳಗಿದ್ದರೆ ಹರಿಗೋಲು ಬಿಡಬಹುದು ಎಂಬುದು ನಿಯಮ. ದಿನವೂ ಬೆಳಿಗ್ಗೆ ಅಣೆಕಟ್ಟಿನ ಕಾವಲುಗಾರ ಫೋನಿನಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿ, ಕೊನೆಗೆ “ಅಷ್ಟೇ” ಎನ್ನುತ್ತಿದ್ದ. ಆ ಮಾತು ಕೇಳುವವರೆಗೆ ಅಂಬಿಗ ಹಲಗೆಯ ಮೇಲೆ ಬರೆಯಲು ಸೀಮೆಸುಣ್ಣ ಎತ್ತುತ್ತಿರಲಿಲ್ಲ.

ಒಬ್ಬ ತಂತ್ರಜ್ಞ ಬಂದು ಇಬ್ಬರನ್ನೂ ಈ ಕಷ್ಟದಿಂದ ಬಿಡಿಸಿದ. ಎರಡು ಪುಟ್ಟ ಕಂಪ್ಯೂಟರುಗಳನ್ನು ಕೂರಿಸಿ ನಡುವೆ ತಂತಿ ಎಳೆದ. ಮೇಲಿನದು ನೀರು ಅಳೆದು ಅಂಕಿ ಕಳಿಸಬೇಕು, ಕೆಳಗಿನದು ಅದನ್ನು ಫಲಕದಲ್ಲಿ ತೋರಿಸಬೇಕು.

“ಇನ್ನು ‘ಅಷ್ಟೇ’ ಅನ್ನೋರು ಯಾರು, ಸ್ವಾಮಿ?” ಎಂದು ಅಂಬಿಗ ಕೇಳಿದ.

“ಯಂತ್ರಕ್ಕೆ ಆ ಉಪಚಾರವೆಲ್ಲ ಯಾಕಪ್ಪ? ಒಂದು ಕ್ಷಣ ಸುಮ್ಮನಾಯಿತು ಅಂದರೆ ಮುಗೀತು ಅಂತಲೇ ಲೆಕ್ಕ.”

ಮೂರು ವರ್ಷ ಎಲ್ಲವೂ ಸರಿಯಾಗಿ ನಡೆಯಿತು. ತಂತ್ರಜ್ಞನಿಗೆ ಶಾಲು ಹೊದಿಸಿದರು. ನಾಲ್ಕನೆಯ ವರ್ಷ ಭರವಸೆ ಹೆಚ್ಚಿ, ಅಣೆಕಟ್ಟಿನ ಗೇಟು ಎತ್ತುವ ಕೆಲಸವನ್ನೂ ಮೇಲಿನ ಯಂತ್ರಕ್ಕೇ ಒಪ್ಪಿಸಿದರು.

ಆ ವರ್ಷ ಒಂದು ಬೆಳಿಗ್ಗೆ ನೀರು ನೂರ ಎಂಬತ್ತು ಅಂಗುಲಕ್ಕೆ ಏರಿತು. ಯಂತ್ರ ಒಂದು ಕಳಿಸಿತು, ಎಂಟು ಕಳಿಸಿತು. ಅಷ್ಟರಲ್ಲಿ ಗೇಟು ಎತ್ತಬೇಕಾಗಿ ಬಂತು. ಎತ್ತಿ ಬಂದು, ಬಾಕಿಯಿದ್ದ ಸೊನ್ನೆಯನ್ನೂ ಕಳಿಸಿತು.

ಕೆಳಗಿನ ಫಲಕ ಹದಿನೆಂಟು ಎಂದಿತು. ಆಮೇಲೆ ಸೊನ್ನೆ ಎಂದಿತು.

ನೀರು ಇಳಿಯುತ್ತಿದೆ ಎಂದುಕೊಂಡ ಅಂಬಿಗ. ಆಚೆ ದಡದಲ್ಲಿ ಹೆತ್ತು ಮಲಗಿದ್ದ ಗೆಳತಿಯನ್ನು ನೋಡಲು ಅವನ ಮಗಳು ಎರಡು ದಿನದಿಂದ ಕಾದಿದ್ದಳು. “ಹೋಗವ್ವ, ಬೇಗ ಬಾ” ಎಂದ. ಹುಟ್ಟು ಹಾಕುವುದು ಅವಳಿಗೆ ಬರುತ್ತಿತ್ತು. ಬಿಟ್ಟ ನೀರು ಕಡವಿಗೆ ಬರಲು ಇನ್ನೂ ಕಾಲು ಗಂಟೆ ಬೇಕಿತ್ತು. ಹರಿಗೋಲು ನಡುಹೊಳೆಗೆ ಹೋಗಲೂ ಕಾಲು ಗಂಟೆ ಬೇಕಿತ್ತು.

ಮೂರನೆಯ ದಿನ ಹರಿಗೋಲು ಸಿಕ್ಕಿತು.

ವಿಚಾರಣೆ ನಡೆಯಿತು. ತಂತಿಯಲ್ಲಿ ಒಂದು ಅಂಕಿಯೂ ಕಳೆದಿರಲಿಲ್ಲ, ಯಾವುದೂ ಹಿಂದುಮುಂದಾಗಿರಲಿಲ್ಲ. ವರದಿ ಇದನ್ನು ಸಮಾಧಾನದಿಂದ ದಾಖಲಿಸಿತು. ತಂತ್ರಜ್ಞ ಪ್ರತಿ ಸುದ್ದಿಯ ಕೊನೆಗೂ ಮುಕ್ತಾಯದ ಗುರುತೊಂದನ್ನು ಸೇರಿಸಿದ. ಅದು ಬರುವವರೆಗೆ ಕೆಳಗಿನ ಯಂತ್ರ, ಎಷ್ಟು ಹೊತ್ತಾದರೂ ಸರಿ, ಬಂದದ್ದನ್ನು ಕೂಡಿಟ್ಟುಕೊಂಡು ಸುಮ್ಮನಿರುವಂತೆ ಮಾಡಿದ. ಅರ್ಧ ದಿನದ ಕೆಲಸ. ಮುಗಿಸಿ, ಇನ್ನು ಹೀಗಾಗದು ಎಂದು ಹೇಳಲು ಅಂಬಿಗನ ಮನೆಗೆ ಹೋದ.

ಅಂಬಿಗ ಕೂರಿಸಿ ನೀರು ಕೊಟ್ಟ. “ನಾನೇ ಹೋಗು ಅಂದಿದ್ದು, ಸ್ವಾಮಿ. ಅವಳು ಫಲಕ ನೋಡಿ ನನ್ನ ಕಡೆ ತಿರುಗಿ,” ಎಂದವನು ಅಲ್ಲಿಗೆ ನಿಂತ.

“ಗೊತ್ತಾಯಿತು ಬಿಡಪ್ಪ, ಧೈರ್ಯ ತಂದುಕೋ” ಎಂದು ತಂತ್ರಜ್ಞ ಎದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕಾದ. ಕೊನೆಗೆ, “ತಿರುಗಿ ಏನಂದಿದ್ದಳಂತೆ, ಗುರುಗಳೇ?” ಎಂದು ಕೇಳಿದ.

“ಗೊತ್ತಿಲ್ಲ, ಅಷ್ಟು ಹೊತ್ತಿಗೆ ನಾನು ಅವನ ಅಂಗಳ ದಾಟಿಬಿಟ್ಟಿದ್ದೆ.”