ಎಡಗೈಯ ಉಳಿ ಗುರುತು

"ಗುರುಗಳೇ, ಜಗತ್ತು ನೀರಿನಿಂದ ಹುಟ್ಟಿತು ಎನ್ನುತ್ತಾರೆ. ಚಿನ್ನದ ಮೊಟ್ಟೆ ಒಡೆದು ಬಂತು ಎನ್ನುವವರಿದ್ದಾರೆ. ಅದಕ್ಕೆ ಹುಟ್ಟೇ ಇಲ್ಲ, ಯಾವಾಗಲೂ ಇತ್ತು ಎನ್ನುವವರೂ ಇದ್ದಾರೆ. ನಾನು ಯಾವುದನ್ನು ನಂಬಲಿ?"

ಕೇಳಿದವನು ಜಮೀನ್ದಾರರ ಮನೆಯಿಂದ ಬಂದ ಶಿಷ್ಯ. ಆ ಮನೆಯಲ್ಲಿ ವರ್ಷಕ್ಕೊಮ್ಮೆ ಪುರಾಣ ಓದಿಸುತ್ತಿದ್ದರು. ಗುರು ಅವನಿಗೆ ಈ ಕತೆ ಹೇಳಿದರು.

ಒಂದು ಊರು. ಊರಿಗೆ ಒಂದೇ ಬಾವಿ, ಬಂಡೆಯಲ್ಲಿ ಕೊರೆದದ್ದು. ಅದನ್ನು ಮನುಷ್ಯರು ತೋಡಿದ್ದಲ್ಲ ಎಂದು ಊರ ಯಜಮಾನನ ಮನೆಯವರು ಹೇಳುತ್ತಿದ್ದರು. ಆದಿಯಲ್ಲಿ ಬರೀ ಕತ್ತಲೆ. ಸೃಷ್ಟಿಕರ್ತ ಮೊದಲು ನೀರು ಮಾಡಿದ. ನೀರು ನಿಲ್ಲಲು ಈ ಬಾವಿ ಮಾಡಿದ. ಹಗ್ಗವನ್ನು ಯಜಮಾನನ ಮೂಲಪುರುಷನ ಕೈಗೆ ಕೊಟ್ಟ. ಪ್ರತಿ ಯುಗಾದಿಗೆ ಪುರೋಹಿತ ಇದನ್ನು ರಾಗವಾಗಿ ಓದುತ್ತಿದ್ದ. ಆದ್ದರಿಂದ ಯಜಮಾನನ ಮನೆಯವರೇ ನೀರು ಸೇದಬೇಕು. ಕೆಳಗೇರಿಯವರು ಕೊಡ ಇಟ್ಟುಕೊಂಡು ದೂರ ಕೂತಿರಬೇಕು. ಯಜಮಾನನ ಮನೆಯವರಿಗೆ ಮನಸ್ಸು ಬಂದು ಹೊಯ್ದರೆ ನೀರು.

ಸೃಷ್ಟಿಕರ್ತ ಮಾಡಿದ ಬಾವಿಯಲ್ಲೂ ಹೂಳು ತುಂಬುತ್ತದೆ. ಅದನ್ನು ಎತ್ತಲು ಬೇಸಿಗೆಯಲ್ಲಿ ಕೆಳಗೇರಿಯ ಒಬ್ಬ ಕಲ್ಲುಕುಟಿಗನನ್ನು ಇಳಿಸುತ್ತಿದ್ದರು. ನೀರು ಮುಟ್ಟಬಾರದವನು ಬಾವಿಯ ತಳದಲ್ಲಿ ನಿಂತು ಕೆಸರು ತುಂಬಬೇಕು. ಆ ಒಂದು ದಿನ ಮೈಲಿಗೆ ಇರಲಿಲ್ಲ.

ಒಂದು ಬೇಸಿಗೆ ಅವನು ಹೂಳು ಕೆರೆದಾಗ ಬಂಡೆಯ ಮೇಲೆ ಉಳಿ ಗುರುತುಗಳು ಕಂಡವು. ಬಲಗೈಯವನು ಹೊಡೆದ ಗೆರೆ ಒಂದು ಕಡೆ ವಾಲುತ್ತದೆ, ಎಡಗೈಯವನದು ಇನ್ನೊಂದು ಕಡೆ. ಅಲ್ಲಿದ್ದವೆಲ್ಲ ಎಡಗೈಯವು. ಅವನ ಮನೆಯಲ್ಲಿ ಅಪ್ಪ, ತಾತ, ಮುತ್ತಾತ ಎಲ್ಲರೂ ಎಡಚರು. ಅವನೂ ಎಡಚ.

ಅವನು ಮೇಲೆ ಬಂದು ಯಜಮಾನನನ್ನು ಕೇಳಿದ, "ಬುದ್ಧಿ, ಸೃಷ್ಟಿಕರ್ತ ಎಡಚನೇ?"

"ಯಾಕೋ?"

"ತಳದಲ್ಲಿರೋ ಗುರುತೆಲ್ಲ ನಮ್ಮನೆಯವರ ಕೈ ಇದ್ದಂಗಿವೆ. ಹೆಂಡತಿ ಬಾಣಂತಿ. ಬೆಳಿಗ್ಗೆಯಿಂದ ಕೊಡ ಖಾಲಿ ಕೂತಿದೆ. ಒಂದು ಕೊಡ ನಾನೇ ಸೇದ್ಕೊಳ್ಳಲಾ?"

"ದೇವರಿಗೆ ಎಡ ಯಾವುದೋ, ಬಲ ಯಾವುದೋ? ಹೋಗಿ ಕೂತ್ಕೋ."

ಮುಂದಿನ ಯುಗಾದಿಗೆ ಪುರಾಣದಲ್ಲಿ ಹೊಸ ಸಾಲು ಸೇರಿತ್ತು. ಸೃಷ್ಟಿಕರ್ತ ಬಾವಿಯನ್ನು ಎಡಗೈಯಿಂದ ಕೊರೆದನಂತೆ. ಜನ ಕೈ ಮುಗಿದರು. ಹಗ್ಗ ಮಾತ್ರ ಇದ್ದ ಕೈಯಲ್ಲೇ ಇತ್ತು.

ಆ ಬೇಸಿಗೆ ಹೂಳೆತ್ತಲು ಕರೆ ಬಂದಾಗ ಕಲ್ಲುಕುಟಿಗ ಎದ್ದು ಹೋಗಲಿಲ್ಲ. "ಆ ಎಡಗೈಯವನನ್ನೇ ಇಳಿಸಿ, ಬುದ್ಧಿ. ಹಗ್ಗ ಹೆಂಗೂ ನಿಮ್ಮ ಹತ್ರವೇ ಇದೆ" ಎಂದ. ಕೆಳಗೇರಿಯಿಂದ ಬೇರೆ ಯಾರೂ ಇಳಿಯಲಿಲ್ಲ. ಸೃಷ್ಟಿಕರ್ತನೂ ಇಳಿಯಲಿಲ್ಲ. ತಿಂಗಳೊಳಗೆ ನೀರು ನಾರಿತು, ಯಜಮಾನನ ಮನೆಯ ಅಡಿಗೆಯೂ ನಾರಿತು. ಆಗ ಯಜಮಾನ ಹಗ್ಗವನ್ನು ತಂದು ಕಟ್ಟೆಯ ಮೇಲೆ ಇಟ್ಟು ಹೋದ. ಕಲ್ಲುಕುಟಿಗ ಇಳಿದು ಹೂಳೆತ್ತಿದ. ನೀರು ತಿಳಿಯಾದ ಮೇಲೆ ಮೊದಲ ಕೊಡ ತನ್ನ ಮನೆಗೆ ಸೇದಿದ. ಮರುವರ್ಷ ಯುಗಾದಿಗೆ ಯಾರೂ ಪುರಾಣ ಓದಿಸಲಿಲ್ಲ. ಅದರ ಕೆಲಸ ಮುಗಿದಿತ್ತು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಜಗತ್ತು ಹೇಗೆ ಹುಟ್ಟಿತು, ಗುರುಗಳೇ?" ಎಂದು ಮತ್ತೆ ಕೇಳಿದ.

"ನನಗೆ ಗೊತ್ತಿಲ್ಲ. ನಿಮ್ಮ ಮನೆಯ ಬಾವಿಯ ಹಗ್ಗ ಯಾರ ಕೈಯಲ್ಲಿದೆ, ನೀನು ಅದನ್ನು ಹೇಳು."