ಪರಂಗಿಯವನ ಬಾಯಿಪಾಠ

"ಗುರುಗಳೇ, ನೀನು ಯಾರೆಂದು ಯಾರಾದರೂ ನನ್ನನ್ನು ಕೇಳಿದರೆ ತಡವರಿಸದೆ ಹೇಳಬಲ್ಲೆ. ಹೀಗಿರುವಾಗ, ನಿನ್ನನ್ನು ನೀನು ಅರಿ ಎಂದು ದಿನವೂ ಕಣ್ಣು ಮುಚ್ಚಿಸಿ ಕೂರಿಸುತ್ತೀರಲ್ಲ, ಯಾಕೆ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಕರಾವಳಿಯಲ್ಲಿ ಒಬ್ಬ ಮೆಣಸಿನ ವರ್ತಕನಿದ್ದ. ಸ್ಪೇನ್ ದೇಶಕ್ಕೆ ತಾನೇ ಹೋಗಿ ವ್ಯಾಪಾರ ಮಾಡುವ ಹುಚ್ಚು ಅವನ ತಲೆಗೆ ಹತ್ತಿತು. ಹೋದಲ್ಲಿ ತನ್ನ ವಿಷಯ ತಾನೇ ಹೇಳಿಕೊಳ್ಳಬೇಕಲ್ಲ? ಹಡಗು ಒಡೆದು ಆ ಊರು ಸೇರಿದ್ದ ಸ್ಪೇನಿನ ನಾವಿಕನೊಬ್ಬನಿದ್ದ. ಊರವರಿಗೆ ಅವನು ಬರೀ ಪರಂಗಿಯವ. ಹೆಸರನ್ನು ಯಾರೂ ಕೇಳಿರಲಿಲ್ಲ. ವರ್ತಕ ಅವನೆದುರು ಕುಳಿತು, ಎದೆ ಮುಟ್ಟಿಕೊಂಡು, ನಿಮ್ಮಲ್ಲಿ ಪರಿಚಯ ಹೇಳುವುದು ಹೇಗೆಂದು ಸನ್ನೆ ಮಾಡಿದ. ನಾವಿಕನೂ ಎದೆ ಮುಟ್ಟಿಕೊಂಡು ಹೇಳತೊಡಗಿದ.

ನಮ್ಮವರ ಕಲಿಕೆ ನಿನಗೆ ಗೊತ್ತಲ್ಲ. ಗುರು ಅಂದದ್ದನ್ನು ಅಂದ ಹಾಗೆಯೇ ಅನ್ನಬೇಕು, ಅರ್ಥ ಆಮೇಲೆ. ವರ್ತಕ ಒಂದಕ್ಷರವೂ ತಪ್ಪದಂತೆ ಬಾಯಿಪಾಠ ಮಾಡಿದ. ಇವನಿಗೆ ಒಂದೊಂದು ಮಾತು ಬಂದಂತೆ ನಾವಿಕ ಆ ಮಾತನ್ನು ಮತ್ತೆ ಆಡಲಿಲ್ಲ. ಪಾಠ ಮುಗಿದ ದಿನ ಗೋಡೆ ನೋಡುತ್ತ ಸುಮ್ಮನೆ ಕುಳಿತುಬಿಟ್ಟ. ವರ್ತಕನಿಗೆ ಕಸಿವಿಸಿಯಾಯಿತು. ಆದರೆ ಹಡಗು ಕಾಯುತ್ತಿತ್ತು. ಖಂಡಿತ ಮರಳಿ ಬರುತ್ತೇನೆಂದು ಹೆಂಡತಿಗೆ ಮಾತು ಕೊಟ್ಟು ಹೊರಟ.

ಸ್ಪೇನಿನ ರೇವಿನಲ್ಲಿ ಒಬ್ಬ ಕುರುಡಿ ಮುದುಕಿ, ಬಂದಿಳಿದವರನ್ನೆಲ್ಲ ಯಾರು ನೀವು ಎಂದು ವಿಚಾರಿಸುತ್ತಿದ್ದಳು. ವರ್ತಕನಿಗೆ ಹುಮ್ಮಸ್ಸು ಬಂತು. "ಯೊ ಸೊಯ್ ಮಾತೆಯೊ" ಎಂದು ಶುರುಮಾಡಿ, ಕಲಿತದ್ದನ್ನೆಲ್ಲ ಒಪ್ಪಿಸಿದ. ಮುದುಕಿ ಅವನ ಮುಖ ತಡವಿದಳು. ಕೈ ಹಿಡಿದುಕೊಂಡು ಅಳತೊಡಗಿದಳು.

ಹಡಗಿನಲ್ಲಿ ಜೊತೆಗೆ ಬಂದಿದ್ದ ದುಭಾಷಿಯ ಮುಖ ಬಿಳಿಚಿತು. "ಶೆಟ್ರೇ, ಏನು ಹೇಳಿದಿರಿ ಗೊತ್ತುಂಟಾ? ನಾನು ಮಾತೆಯೊ, ಈ ಊರಿನವನೇ, ಬಾವಿಗೆ ಬಿದ್ದಾಗ ಅಮ್ಮ ಎತ್ತಿದಳು ಅಂದಿರಿ. ಆ ಅಮ್ಮ ಇವಳೇ ಅಂತೆ."

"ಅಯ್ಯೋ ಮಾರಾಯಾ, ಅವನು ನಾನಲ್ಲ ಅಂತ ಹೇಳು!"

"ಹೇಳಿದೆ. ಹಾಗಾದರೆ ನಿಮ್ಮ ಹೆಸರೇನು, ನಿಮ್ಮ ಬಾಯಲ್ಲೇ ಕೇಳಬೇಕು ಅಂತಾಳೆ."

ವರ್ತಕ ಬಾಯಿ ತೆರೆದ. ಹೆಸರು ಬರಲಿಲ್ಲ. ಹೆಂಡತಿಯ ಮುಖವನ್ನಾದರೂ ನೆನೆಯೋಣವೆಂದು ನೋಡಿದ. ಬಾವಿಯ ತಳದ ತಂಪು ನೆನಪಾಯಿತು. ಮೇಲಿನಿಂದ ಚಾಚಿದ ಒಂದು ಕೈ ನೆನಪಾಯಿತು. ಈಗ ತನ್ನನ್ನು ಹಿಡಿದಿರುವ ಕೈ ಅದೇ.

ಹಡಗು ಮರಳಿ ಹೊರಡುವ ದಿನ ಕಪ್ತಾನ ಅವನ ಹೆಸರು ಹಿಡಿದು ಗಂಟಲು ಹರಿಯುವಂತೆ ಕೂಗಿದ. ಮುದುಕಿಯ ಪಕ್ಕದಲ್ಲಿ ನಿಂತಿದ್ದ ಅವನು, ಪಾಪ ಯಾರನ್ನು ಕರೆಯುತ್ತಿದ್ದಾರೋ ಎಂದು ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಹಡಗು ಹೊರಟುಹೋಯಿತು.

ಕತೆ ಕೇಳಿ ಶಿಷ್ಯ ನಕ್ಕ. "ಎಂಥ ಮರುಳ! ಯಾರೋ ಹೇಳಿಕೊಟ್ಟದ್ದನ್ನೇ ತಾನು ಎಂದುಕೊಂಡನಲ್ಲ."

"ನಾಮಕರಣದ ದಿನ ತೊಟ್ಟಿಲಿಗೆ ಬಗ್ಗಿ ನಿನ್ನ ಕಿವಿಯಲ್ಲಿ ಒಂದು ಹೆಸರು ಉಸುರಿದರಲ್ಲ, ಅದಕ್ಕೂ ಮುಂಚೆ ಆ ತೊಟ್ಟಿಲಲ್ಲಿ ಮಲಗಿದ್ದವರು ಯಾರು?" ಎಂದರು ಗುರುಗಳು.